ನಾಲ್ಕನೇ ಮಾಳಿಗೆಯ ಆರ್ಡರ್

ನಿಂತಲ್ಲೇ ನಡೆಸುವ ಯಂತ್ರಕ್ಕೆ ಮೂವತ್ತೆರಡು ಸಾವಿರ, ಬೂಟಿಗೆ ನಾಲ್ಕು ಸಾವಿರ, ಮನೆಗೇ ಬಂದು ಕಾಲು ಮಡಚಿಸಿ ಹೋಗುವ ಫಿಸಿಯೋಗೆ ಬಾರಿಗೆ ಎಂಟುನೂರು. ಇಷ್ಟು ಸುರಿದರೂ ಪ್ರೇಮನಾಥ ಶೆಟ್ಟರು ಸೋಫಾ ಬಿಟ್ಟು ಏಳಲಿಲ್ಲ. ಯಂತ್ರದ ಪಟ್ಟಿಯ ಮೇಲೆ ಹೆಂಡತಿ ಪ್ರಫುಲ್ಲಾ ಹಲಸಿನ ಹಪ್ಪಳ ಹರಡಿದಳು.

ಡೆಂಗ್ಯೂ ಬಂದು ತಿಂಗಳುಗಟ್ಟಲೆ ಮಲಗಿದ್ದರಿಂದ ಶೆಟ್ಟರ ಕಾಲಿನ ಕಸುವು ಇಳಿದಿತ್ತು. ನೌಪಾಡಾದ ಹಳೆಯ ಕಟ್ಟಡ. ಕೆಳಗೆ ಅವರದೇ ಹೋಟೆಲು, ಎರಡನೇ ಮಾಳಿಗೆಯಲ್ಲಿ ಮನೆ, ಲಿಫ್ಟ್ ಇಲ್ಲ. ಇಳಿದರೆ ಹತ್ತಲಾಗದೆಂಬ ಭಯಕ್ಕೆ ಅವರು ಇಳಿಯುವುದನ್ನೇ ಬಿಟ್ಟರು. ಗಲ್ಲಾದಲ್ಲಿ ಈಗ ಮಗ ರಂಜನ್. ಅವನು ದೂರದ ಡೊಂಬಿವಲಿಯಲ್ಲಿ ಲಿಫ್ಟ್ ಇರುವ ಮನೆ ನೋಡಿ, ಚೌತಿ ಹಬ್ಬ ಮುಗಿದ ಮೇಲಿನ ಸೋಮವಾರ ಟೋಕನ್ ಮುಂಗಡ ಕೊಡುವುದಾಗಿ ಏಜೆಂಟ್ ಹಿತೇಶನಿಗೆ ಮಾತು ಕೊಟ್ಟಿದ್ದ. ಅಲ್ಲಿಗೆ ಹೋದರೆ ಲೋಕಲ್ ರೈಲಿನ ನೂಕುನುಗ್ಗಲು ದಾಟಿ ಗಂಡ ಮತ್ತೆ ಗಲ್ಲಾಕ್ಕೆ ಬರುವುದುಂಟೇ? ಗಲ್ಲಾ ಇಲ್ಲದಿದ್ದರೆ ಈ ಮನುಷ್ಯ ಬದುಕಿದ್ದೂ ಸತ್ತಂತೆ ಎಂದು ಪ್ರಫುಲ್ಲಾಳಿಗೆ ಗೊತ್ತಿತ್ತು.

"ಮೆಟ್ಟಿಲು ಹತ್ತಿ ಅಂತ ಡಾಕ್ಟ್ರು ಹೇಳ್ಲಿಲ್ವಾ ಮಾರಾಯ್ರೆ?"

"ಮೇಲೆ ನನಗೆ ಎಂತ ಕೆಲಸ ಉಂಟು? ಗಿರಾಕಿ ಇಲ್ಲದೆ ಯಾರಾದ್ರೂ ಕಾವಲಿ ಕಾಯಿಸ್ತಾರಾ?"

ಪ್ರಫುಲ್ಲಾ ಹಪ್ಪಳ ಮಗುಚುತ್ತ ಯೋಚಿಸಿದಳು. ಈ ಮನುಷ್ಯ ನಲವತ್ತು ವರ್ಷ ಕೋಳಿ ಕೂಗುವ ಮೊದಲೇ ಎದ್ದವರು, ಸೋಮಾರಿ ಎನ್ನುವಂತಿಲ್ಲ. ದೇಹವೂ ಒಬ್ಬ ಜಿಪುಣ ಹೋಟೆಲಿನವನೇ. ಕಾರಣವಿಲ್ಲದೆ ಗ್ಯಾಸ್ ಉರಿಸೆಂದರೆ ಗೊಣಗುತ್ತದೆ. ಅದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಆರ್ಡರ್ ಕೊಡಬೇಕು.

ಅಂದೇ ಸಂಜೆ ಅವಳು ನಾಲ್ಕನೇ ಮಾಳಿಗೆಯ ಚಂದ್ರಬಾಯಿಯನ್ನು ಕಂಡು ಬಂದಳು. ಒಂಟಿ ಮುದುಕಿ, ನಾಲಿಗೆ ಹರಿತ. ಮರುದಿನ ಬೆಳಿಗ್ಗೆ ಶೆಟ್ಟರಿಗೆ ಅವಳ ಫೋನ್ ಬಂತು, ಎರಡು ಇಡ್ಲಿ ಕಳಿಸಿ ಎಂದು ಮರಾಠಿಯಲ್ಲಿ. "ಶೇಟ್, ದೋನ್ ಇಡ್ಲಿ ಪಾಠವಾ!"

ರಂಜನ್ ಮನೆಗೆ ತಿಂಡಿಯ ಇಡ್ಲಿ ತಂದಿಟ್ಟು ಕೆಳಗೆ ಓಡಿಯಾಗಿತ್ತು. "ನನ್ನ ಕೈ ಹಿಟ್ಟಾಗಿದೆ, ನೀವೇ ಕೊಟ್ಟು ಬನ್ನಿ," ಎಂದಳು ಪ್ರಫುಲ್ಲಾ. ಕೇಳಿದ ಗಿರಾಕಿಗೆ ಇಲ್ಲವೆನ್ನುವುದು ಶೆಟ್ಟರ ಜಾಯಮಾನದಲ್ಲಿರಲಿಲ್ಲ. ಮೆಟ್ಟಿಲ ಕಟಾಂಜನ ಹಿಡಿದು, ತಿರುವು ತಿರುವಿಗೆ ಕೂತು, ಬೈಯುತ್ತ ಹತ್ತಿದರು. ಮೇಲಿನಿಂದ ಚಂದ್ರಬಾಯಿಯ ದನಿ ಎರಡನೇ ಮಾಳಿಗೆಗೂ ಕೇಳಿಸಿತು.

"ಹೀ ಕಾಯ್ ಇಡ್ಲಿ? ಗಾರ್ ದಗಡ್!"

ಇಷ್ಟನ್ನು ಪ್ರಫುಲ್ಲಾ ಹೇಳಿಕೊಟ್ಟಿರಲಿಲ್ಲ.

ಶೆಟ್ಟರು ಕೆಂಪಗಾಗಿ ಇಳಿದರು. "ನನ್ನ ಇಡ್ಲಿ ತಣ್ಣಗಿನ ಕಲ್ಲಂತೆ!"

"ದಾರಿಯಲ್ಲಿ ಕೂತ್ರೆ ತಣ್ಣಗಾಗದೆ ಎಂತ?"

ಮರುದಿನ ಕೂರುವುದು ಕಡಿಮೆಯಾಯಿತು. ತೊಡೆ ಉರಿಯಿತು, ಉಸಿರು ಬಾಯಿಗೆ ಬಂತು, ಮುದುಕಿ ಮತ್ತೆ ಮೂಗು ಮುರಿದಳು. ಹೀಗೇ ವಾರಗಳು ಕಳೆದವು. ಕೊನೆಗೊಂದು ದಿನ ಶೆಟ್ಟರಿಗೆ ತಡೆಯಲಾಗಲಿಲ್ಲ. "ಹಬೆಯಿಂದಲೇ ಎತ್ತಿಕೊಂಡು ಹೋಗ್ತೇನೆ, ಏನು ಹೇಳ್ತಾಳೋ ನೋಡುವ," ಎಂದು ಕೆಳಗಿನ ಅಡುಗೆಮನೆಗೇ ಇಳಿದರು. ಆಮೇಲೆ ದಿನವೂ ಇಳಿದರು.

ಟೋಕನ್ ಕೊಡಬೇಕಿದ್ದ ಆ ಸೋಮವಾರ ಹಿತೇಶ್ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ. ಶೆಟ್ಟರು ಡಬ್ಬಿ ಹಿಡಿದು ಅವನ ಮುಂದೆಯೇ ಹಾದರು.

"ಪಪ್ಪಾ, ಬೈಠೋ ನಾ! ಟೋಕನ್ ವಿಷಯ..." ಎಂದ ರಂಜನ್ ಗಲ್ಲಾದಿಂದ.

"ಕೂತ್ರೆ ಇಡ್ಲಿ ಆರ್ತದೆ."

ಅಲ್ಲೇ ಇದ್ದ ಪ್ರಫುಲ್ಲಾ ಹಿಂದೆಯೇ ಹೊರಟಳು. ಮೂರನೇ ಮಾಳಿಗೆಯಲ್ಲಿ ಅವಳೇ ಕಂಬ ಹಿಡಿದು ನಿಂತಳು; ಗಂಡ ತಿದಿಯಂತೆ ಉಸಿರು ಬಿಡುತ್ತ, ನಿಲ್ಲದೆ ಹತ್ತಿದರು. ಚಂದ್ರಬಾಯಿ ಇಡ್ಲಿ ಮುರಿದಳು. ಹಬೆ ಎದ್ದಿತು. ತಪ್ಪು ಹುಡುಕಿದಳು, ಸಿಗಲಿಲ್ಲ.

"ಬರೀ ಆಹೇ," ಎಂದಳು, ಪರವಾಗಿಲ್ಲ ಎನ್ನುವಂತೆ.

ಚಿನ್ನದ ಪದಕ ಸಿಕ್ಕಿದವರಂತೆ ಶೆಟ್ಟರು ಕೆಳಗಿಳಿದು ನೇರ ಗಲ್ಲಾದ ಮುಂದೆ ನಿಂತರು. "ಏಳು ರಂಜನ್. ಹಿತೇಶ್‌ಭಾಯಿ, ಇನ್ನೊಂದು ಕಾಫಿ ಕುಡೀರಿ, ಬೇರೆ ಗಿರಾಕಿ ಹುಡುಕ್ಲಿಕ್ಕೆ ಶಕ್ತಿ ಬೇಕಲ್ಲ!"

ರಂಜನ್ ಹಿಂದೆಯೇ ಇಳಿದು ಬಂದ ತಾಯಿಯ ಮುಖ ನೋಡಿದ, ನಕ್ಕ, ಎದ್ದ.

ಡೊಂಬಿವಲಿಯ ಮನೆ ಬೇರೆಯವರ ಪಾಲಾಯಿತು, ಒಳ್ಳೆಯ ಮನೆಯೇ. ಮೆಟ್ಟಿಲು ಹತ್ತುವಾಗ ಶೆಟ್ಟರ ತೊಡೆ ಈಗಲೂ ಉರಿಯುತ್ತದೆ, ಬೈಗುಳವೂ ನಿಂತಿಲ್ಲ. ಆದರೆ ಗಲ್ಲಾ ಅವರಿಗೆ ಉಳಿಯಿತು. ಪ್ರಫುಲ್ಲಾಳಿಗೆ ಗಂಡ ಉಳಿದರು.