ಬಾಣಂತಿ ಕೋಣೆಯ ಹೊರಚಿಲಕ

ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ ಬಿದ್ದಾಗ ಮೊದಲು ಏಳುವುದು ಕಮಟು ಹೊಗೆ. ಅದರ ಮೇಲೆ ಓಮ, ಸಾಂಬ್ರಾಣಿ ಉದುರಿಸಿದರೆ ಕಮಟು ಕರಗಿ, ಬೆಚ್ಚಗಿನ, ತುಸು ಸಿಹಿಯಾದ ವಾಸನೆ ಮನೆಯೆಲ್ಲ ಹರಡುತ್ತದೆ. ಶಾಲೆಯಿಂದ ಬಂದು ಗೇಟು ತೆರೆಯುವಾಗಲೇ ಅದು ನನ್ನ ಮೂಗಿಗೆ ತಾಗುತ್ತಿತ್ತು. ಮೇಲಿನ ಕೋಣೆಗೆ ಹೊಸ ಬಾಣಂತಿ ಬಂದಿದ್ದಾಳೆ, ಇನ್ನು ಮೆಟ್ಟಿಲ ಮೇಲೆ ಓಡಾಡಿ ಸದ್ದು ಮಾಡಬಾರದು ಎಂದು ಯಾರೂ ಹೇಳದೆಯೇ ತಿಳಿಯುತ್ತಿತ್ತು.

ನಮ್ಮ ಬಂಗಲೆ ಇರುವುದು ಸಾರಕ್ಕಿಯಲ್ಲಿ. ಈಗ ಜೆ.ಪಿ. ನಗರ ಎಂದರೆ ಮಾತ್ರ ಆಟೋದವರಿಗೆ ಗೊತ್ತಾಗುತ್ತದೆ. ನಮ್ಮ ತಾತ ವೆಂಕಟಸ್ವಾಮಿ ಬ್ರಿಟಿಷರ ದಂಡಿನ ಕಡೆಗೆ ಗಾಡಿಯಲ್ಲಿ ತರಕಾರಿ ಸಾಗಿಸುತ್ತಿದ್ದ ರೈತರು. ಅಲ್ಲಿ ಯಾವುದೋ ದೊರೆಯ ಮನೆಯನ್ನು ಹೊರಗಿನಿಂದಲೇ ನೋಡಿ ಮನಸೋತು, ಅಂಥದ್ದನ್ನೇ ರಾಗಿ ಹೊಲದ ನಡುವೆ ಕಟ್ಟಿಸಿದರಂತೆ. ಎತ್ತರದ ಕಲ್ಲಿನ ಜಗಲಿ, ಕಿಟಕಿಗಳ ನೆತ್ತಿಗೆ ಚೂಪು ತುದಿಯ ಮರದ ಟೋಪಿಗಳು, ತಿರುಗುವ ಮರದ ಮೆಟ್ಟಿಲು. ಒಳಗೆ ಮಾತ್ರ ನಮ್ಮದೇ ಒಲೆ, ನಮ್ಮದೇ ಒರಳು. ಹೊರಗಿನಿಂದ ನೋಡಿದವರಿಗೆ ಸಂಜೆ ಹೊತ್ತು ಸ್ವಲ್ಪ ಭಯವಾಗುತ್ತಿದ್ದದ್ದು ನಿಜ.

ಮೇಲಿನ ಕೋಣೆ ನನ್ನ ಸೋದರತ್ತೆ ಬೈರಮ್ಮನದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು. ಜಯನಗರಕ್ಕೆ ರಸ್ತೆ ಹಾಕುತ್ತಿದ್ದ ಕಾಲದಲ್ಲಿ, ಹೆತ್ತು ವಾರವೂ ಕಳೆಯದ ಹೆಂಗಸೊಬ್ಬಳು ಜಲ್ಲಿ ಹೊರುವುದನ್ನು ಕಂಡು ಕೈಹಿಡಿದು ಕರೆತಂದಳಂತೆ. ‘ನಿಂಗೆ ತವರಿಲ್ವೇನೇ?’ ಎಂದು ಕೇಳಿದ್ದಕ್ಕೆ ಅವಳು ಅತ್ತುಬಿಟ್ಟಳಂತೆ. ಆಮೇಲೆ ತವರಿಲ್ಲದ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ಜಾತಿ ಕೇಳಿದ ನನ್ನ ತಾತನಿಗೆ ಬೈರತ್ತೆ, ‘ಹಾಲಿಗೆ ಯಾವ ಜಾತಿಯಪ್ಪ?’ ಎಂದಳೆಂದು ಅಡುಗೆಮನೆಯಲ್ಲಿ ಹೇಳಿ ಹೇಳಿ ನಗುತ್ತಿದ್ದರು.

ಆ ಕೋಣೆಗೆ ಅದರದೇ ಕಟ್ಟುಗಳಿದ್ದವು. ಕಿಟಕಿಗೆ ಕಂಬಳಿ. ಮಂಚದ ಕೆಳಗೆ ಕುಡುಗೋಲು, ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲವೆಂದು. ಬಾಗಿಲಿಗೆ ಚಿಲಕ ಹೊರಗಡೆ. ಬಾಣಂತಿ ಎದ್ದು ಬಗ್ಗಿ ಚಿಲಕ ಹಾಕಬಾರದು, ಗಾಳಿಗೆ ಬಾಗಿಲು ತೆರೆದುಕೊಳ್ಳಲೂಬಾರದು, ಅದಕ್ಕೆ. ಏನಾದರೂ ಬೇಕಾದರೆ ಎಳೆಯಲು ಹಾಸಿಗೆಯ ಪಕ್ಕದಲ್ಲೊಂದು ಹಗ್ಗ. ಎಳೆದರೆ ಕೆಳಗೆ ಅಡುಗೆಮನೆಯಲ್ಲಿ ಗಂಟೆ. ಬೈರತ್ತೆ ಕೈಯಲ್ಲಿದ್ದುದನ್ನು ಬಿಟ್ಟು ಮೆಟ್ಟಿಲೇರುತ್ತಿದ್ದಳು. ಕಾಳುಮೆಣಸು, ಬೆಳ್ಳುಳ್ಳಿ ಅರೆದ ಸಾರು ಮಾಡಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಡುತ್ತಿದ್ದಳು. ಬಾಣಂತಿ ಉಂಡು ಕೈ ತೊಳೆಯುವ ತನಕ ತಾನೊಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. ಬಾಣಂತಿ ಹೊರಡುವ ದಿನ ಮಗುವಿನ ಪಾದವನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ ಗೋಡೆಗೆ ಒತ್ತಿಸುತ್ತಿದ್ದಳು. ‘ಯಾರಾದ್ರೂ ಕೇಳಿದ್ರೆ ಇದೇ ನಿನ್ನ ತವರು ಅಂತ ತೋರ್ಸು.’ ಆ ಗೋಡೆಯ ತುಂಬ ಪುಟ್ಟ ಕೆಂಪು ಹೆಜ್ಜೆಗಳಿವೆ. ಎಲ್ಲಕ್ಕಿಂತ ಕೆಳಗೆ, ಕಿಟಕಿಯ ಪಕ್ಕ ಇರುವುದು ಕೊನೆಯದು. ಅದು ನನ್ನ ತಮ್ಮ ಶಿವರಾಮನ ಮಗಳು ಶೃತಿಯದು. ಅವಳ ತಾಯಿಗೂ ತವರಿರಲಿಲ್ಲ.

ಬೈರತ್ತೆ ಹೋದಳು, ಆಮೇಲೆ ಶಿವರಾಮನೂ ಹೋದ. ಬಂಗಲೆ ನನಗೂ ಶೃತಿಗೂ ಉಳಿಯಿತು. ನಾನು ಜಯನಗರದ ನನ್ನ ಮನೆಯಿಂದ ಆಗಾಗ ಹೋಗಿ ಗುಡಿಸಿ, ದೀಪ ಹಚ್ಚಿ ಬರುತ್ತಿದ್ದೆ.

ಹೋದ ವರ್ಷದ ಮಳೆಗಾಲವಿಡೀ ಶೃತಿ ಭಾನುವಾರಗಳಲ್ಲಿ ನನ್ನ ಮನೆಗೆ ಬಂದಳು. ಕಾದಂಬರಿ ಬರೀತಿದ್ದೀನಿ ಅಂದಳು. ಅಕ್ಕಿ ರೊಟ್ಟಿ ತಿನ್ನುತ್ತಾ ಫೋನನ್ನು ಮೇಜಿನ ಮೇಲಿಟ್ಟು, ‘ಅತ್ತೆ, ನೀವು ಹೇಳ್ತಿದ್ರೆ ಬೈರಜ್ಜಿ ಎದುರಿಗೇ ಕೂತಿದ್ದಾರೆ ಅನ್ಸತ್ತೆ. ಚಿಲಕದ ವಿಷ್ಯ ಇನ್ನೊಂದ್ಸಲ ಹೇಳಿ’ ಎನ್ನುತ್ತಿದ್ದಳು. ನಾನು ಹೇಳಿದೆ. ಗಂಟೆ, ಕುಡುಗೋಲು, ಹೊಗೆ, ಹೆಜ್ಜೆ, ಎಲ್ಲ. ಹೊರಡುವಾಗ ಅವಳು ತಟ್ಟೆ ತೊಳೆದಿಟ್ಟು, ನನ್ನ ಕಾಲಿಗೆ ನೋವಿನೆಣ್ಣೆ ಹಚ್ಚಿ ಹೋಗುತ್ತಿದ್ದಳು. ಅದನ್ನು ಈಗಲೂ ಸುಳ್ಳೆನ್ನಲು ನನಗೆ ಮನಸ್ಸು ಬಾರದು. ಬಂಗಲೆಯ ಇನ್ನೊಂದು ಕೀಲಿಯನ್ನು ನಾನೇ ಅವಳ ಕೈಗೆ ಕೊಟ್ಟೆ.

ಪುಸ್ತಕ ಬಿಡುಗಡೆ ಬನಶಂಕರಿಯ ಒಂದು ಸಭಾಂಗಣದಲ್ಲಿ. ನಾನು ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ಶೃತಿ ವೇದಿಕೆಯಿಂದ ಇಳಿದು ಬಂದು ನನ್ನ ಕಾಲು ಮುಟ್ಟಿ ಮೊದಲ ಪ್ರತಿ ಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರಟ್ಟಿನ ಮೇಲೆ ಹೆಸರು: ‘ಬೈರಮ್ಮನ ಬಂಗಲೆ’. ಕೆಳಗೆ ಸಣ್ಣಕ್ಷರದಲ್ಲಿ, ‘ಲೇಖಕಿಯ ಮನೆತನದಲ್ಲೇ ನಡೆದದ್ದು’.

ಆಮೇಲೆ ಅವಳು ಒಂದು ಭಾಗ ಓದಿದಳು. ಮಕ್ಕಳಿಲ್ಲದ ಬೈರಮ್ಮ ದಿಕ್ಕಿಲ್ಲದ ಬಸುರಿಯರನ್ನು ಮನೆಗೆ ಕರೆತರುತ್ತಾಳೆ. ಕಂಬಳಿ ಕಟ್ಟಿದ ಕತ್ತಲ ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕುತ್ತಾಳೆ. ಕಪ್ಪು ಸಾರು ಕುಡಿಸಿ ಮಂಪರು ಬರಿಸುತ್ತಾಳೆ. ಕೆಳಗೆ ಗಂಟೆ ಬಡಿಯುತ್ತಲೇ ಇರುತ್ತದೆ, ಯಾರೂ ಹತ್ತುವುದಿಲ್ಲ. ಹುಟ್ಟಿದ ಕೂಸುಗಳಲ್ಲಿ ಉಳಿಯುವುದು ಗೋಡೆಯ ಮೇಲಿನ ರಕ್ತದ ಹೆಜ್ಜೆಗಳು ಮಾತ್ರ.

ಅವಳ ಓದು ಚೆನ್ನಾಗಿತ್ತು. ಸಭೆ ಉಸಿರು ಬಿಗಿಹಿಡಿದಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ಕಂಡ ಪಕ್ಕದ ಹೆಂಗಸು, ‘ಭಯ ಆಯ್ತಾ ಮೇಡಂ? ನಂಗೂ ಅಷ್ಟೇ’ ಎಂದು ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು. ನಾನು ಕುಡಿದೆ. ಬೈರತ್ತೆ ನನ್ನ ಅತ್ತೆ ಎಂದು ಅವಳಿಗೆ ಹೇಳಲಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆಗ ಆ ಕೋಣೆಗಾಗಿ ಒಬ್ಬಳು ಕಾಯುತ್ತಿದ್ದಳು.

ನನ್ನ ಮನೆಗೆ ಅಡುಗೆಗೆ ಬರುವ ರೇಣವ್ವ ಕಲಬುರಗಿ ಕಡೆಯವಳು. ಮಗಳು ಶರಣಮ್ಮ ತುಂಬು ಬಸುರಿ. ಬಿ.ಟಿ.ಎಂ.ನಲ್ಲಿ ಮೂರನೇ ಮಹಡಿಯ ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಅಳಿಯ ಚನ್ನವೀರ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವುದೂ ಅಲ್ಲೇ. ಊರಿನ ಮನೆ ಮಳೆಗೆ ಬಿದ್ದುಹೋಗಿತ್ತು. ಬಾಣಂತನ ಎಲ್ಲಿ ಮಾಡಲಿ ಎಂದು ರೇಣವ್ವ ಕಣ್ಣು ಒರೆಸಿಕೊಂಡಾಗ, ‘ನಮ್ಮ ಬಂಗಲೆ ಇದೆಯಲ್ಲೇ’ ಎಂದಿದ್ದೆ. ಇಬ್ಬರೂ ಹೋಗಿ ಕೋಣೆ ಸಾರಿಸಿದ್ದೆವು. ಗೋಡೆಯ ಹೆಜ್ಜೆಗಳನ್ನು ನೋಡಿ ಅವಳು ಕೈ ಮುಗಿದಿದ್ದಳು. ಬೈರತ್ತೆಯ ಕಟ್ಟುಗಳನ್ನೆಲ್ಲ ಹೇಳಿದಾಗ, ‘ಬಾಣಂತಿ ಉಣ್ಣೂ ತನಕಾ ತಾನೂ ಉಣ್ತಿರ್ಲಿಲ್ಲೇನ್ರಿ? ಹಡೆದ ತಾಯಿನೂ ಅಷ್ಟು ಮಾಡೂದಿಲ್ರಿ ಅಮ್ಮಾರ’ ಎಂದಿದ್ದಳು.

ಪುಸ್ತಕ ಬಂದ ಕೆಲವೇ ದಿನಗಳಲ್ಲಿ ಬಂಗಲೆಯ ಗೇಟಿನ ಮುಂದೆ ಹುಡುಗರು ಫೋನು ಹಿಡಿದು ನಿಲ್ಲತೊಡಗಿದರು. ‘ಮಗಾ, ಸಖತ್ ಆಗಿದೆ ಗುರು, ಆ ಮೇಲಿನ್ ಕಿಟಕೀನೇ!’ ಎಂಬ ಕೂಗು. ಒಂದು ವಿಡಿಯೋ ಚನ್ನವೀರನ ಆಫೀಸಿಗೂ ತಲುಪಿತು. ಅವನು ನನ್ನ ಮನೆಗೇ ಬಂದ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ.

‘ಅಮ್ಮಾರ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ಆ ಮನ್ಯಾಗ ಬ್ಯಾಡ್ರಿ. ಊರಾಗ ನಮ್ಮವ್ವನೂ ನೋಡ್ಯಾಳ. ಕೂಸು ತಿನ್ನೂ ಮನಿ ಅಂತಾಳ್ರಿ.’

‘ಅದು ಕಟ್ಟುಕತೆ ಕಣಪ್ಪಾ.’

‘ನಡೆದದ್ದು ಅಂತ ಪುಸ್ತಕದ ಮ್ಯಾಲೇ ಬರದಾರಲ್ರಿ. ಅದೂ ನಿಮ್ಮ ಮನಿ ಮಗಳು.’

ಬರೆದವಳೇ ಬಂದು ಸುಳ್ಳು ಎಂದರೆ ನಂಬುತ್ತೀಯಾ ಎಂದು ಕೇಳಿದೆ. ಅವನು ಯೋಚಿಸಿ, ‘ನಂಬ್ತೀನ್ರಿ’ ಎಂದ. ಅಂದೇ ಶೃತಿಗೆ ಫೋನು ಮಾಡಿದೆ. ‘ಅಯ್ಯೋ ಅತ್ತೆ, ಅಷ್ಟೇ ತಾನೆ? ಭಾನುವಾರ ಬಂಗಲೆಗೆ ಬರ್ತೀನಿ’ ಎಂದಳು. ನನ್ನ ಎದೆ ಹಗುರವಾಯಿತು. ಆ ಭಾನುವಾರ ಕೋಣೆಯಲ್ಲಿ ಸಾಂಬ್ರಾಣಿ ಕೂಡ ಹಾಕಿದೆ.

ಶೃತಿ ಬಂದಾಗ ಗೇಟಿನ ಬಳಿ ನಾಲ್ಕಾರು ಓದುಗರಿದ್ದರು. ಅವಳನ್ನು ಗುರುತಿಸಿ ಸುತ್ತುವರಿದರು. ಒಬ್ಬಳು ಫೋನು ಎತ್ತಿ ಹಿಡಿದೇ ಇದ್ದಳು. ಜಗಲಿಯ ಮೇಲೆ ನಾನು, ರೇಣವ್ವ, ಚನ್ನವೀರ ಕಾದೆವು. ಕೊನೆಗೆ ಚನ್ನವೀರನೇ ಇಳಿದುಹೋಗಿ ಕೈಕಟ್ಟಿ ನಿಂತು ಕೇಳಿದ.

‘ಮೇಡಂ, ನನ್ನ ಹೆಂಡ್ತಿ ಇಲ್ಲೇ ಬಾಣಂತನಕ್ಕ ಬರಾಕಿ. ನೀವು ಬರದದ್ದು ಖರೇ ಏನ್ರಿ?’

ಎಲ್ಲರೂ ಅವಳ ಕಡೆ ತಿರುಗಿದರು. ಫೋನೂ ತಿರುಗಿತು. ಶೃತಿ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಮೇಲಿನ ಕಿಟಕಿಯನ್ನು ನೋಡಿ, ವೇದಿಕೆಯ ಮೇಲೆ ಓದಿದ ಅದೇ ದನಿಯಲ್ಲಿ ಹೇಳಿದಳು.

‘ಎಲ್ಲಾ ಹಳೇ ಮನೇಲೂ ಒಂದು ಗುಟ್ಟು ಇರತ್ತೆ. ನಮ್ಮ ಮನೇದು ನಮಗೆ ಮಾತ್ರ ಗೊತ್ತು. ನಾನಾಗಿದ್ರೆ ಆ ಕೋಣೇಲಿ ಮಲಗ್ತಿರ್ಲಿಲ್ಲ.’

ಓದುಗರು ಹೋ ಎಂದರು. ಚನ್ನವೀರ ತಲೆಯಾಡಿಸಿದ. ರೇಣವ್ವ ಸೆರಗನ್ನು ಬಿಗಿಯಾಗಿ ಹೊದ್ದು ಅಳಿಯನ ಹಿಂದೆ ಹೊರಟಳು. ಹೋಗುವ ಮುನ್ನ, ನಾನು ಜಗಲಿಯ ಮೆಟ್ಟಿಲಲ್ಲಿ ಎಡವದಂತೆ ಕೈಹಿಡಿದು ಒಳಗೆ ಬಿಟ್ಟುಹೋದಳು.

ಅಡುಗೆಮನೆಯಲ್ಲಿ ಶೃತಿ ನನ್ನೆದುರು ನಿಂತಳು.

‘ಅತ್ತೆ, ಅವರು ರೆಕಾರ್ಡ್ ಮಾಡ್ತಿದ್ರು. ಎಲ್ಲಾ ಸುಳ್ಳು ಅಂದ್ಬಿಟ್ರೆ ಪುಸ್ತಕ ಅಲ್ಲಿಗೇ ಹೋಯ್ತು. ಅವರಿಗೆ ಬೇರೆ ರೂಮು ನೋಡಿದ್ರಾಯ್ತಪ್ಪ, ನಾನೂ ಹುಡುಕ್ತೀನಿ.’

‘ಬೈರತ್ತೆ ಹೆಸರಾದ್ರೂ ಬದಲಾಯಿಸಬಹುದಿತ್ತಲ್ಲೇ. ಅವಳು ನಿನ್ನನ್ನ ಎಣ್ಣೆ ನೀರು ಹಾಕಿ ಸಾಕಿದವಳು. ನಿನ್ನ ಹೆಜ್ಜೆ ಮೇಲಿದೆ.’

‘ಗೊತ್ತು. ಅದಕ್ಕೇ ಬರೆಯೋ ಹಕ್ಕು ನಂಗಿದೆ.’ ಆಮೇಲೆ ಮೆತ್ತಗೆ ಕೇಳಿದಳು. ‘ಎರಡನೇ ಮುದ್ರಣದ ಕವರ್‌ಗೆ ಆ ಗೋಡೆ ಫೋಟೋ ತೆಗೆಸ್ಲಾ?’

ನನಗೆ ಕೂಗಾಡಿ ಅಭ್ಯಾಸವಿಲ್ಲ. ‘ನಿನ್ನ ಕೀಲಿ ಕೊಡಮ್ಮ’ ಎಂದೆ.

‘ಅರ್ಧ ನಂದೂ ಅಲ್ವಾ ಅತ್ತೆ’ ಎಂದಳು. ಕೀಲಿಗೊಂಚಲನ್ನು ಚೀಲದೊಳಗೆ ಹಾಕಿಕೊಂಡಳು. ಹೋಗುವಾಗ ಎಂದಿನಂತೆ ಕಾಫಿ ಲೋಟ ತೊಳೆದಿಟ್ಟಳು.

ನಾನು ಮೇಲೆ ಹೋಗಿ ಕೆಂಡ ಆರಿಸಿದೆ. ಹೊರಬಂದು ಚಿಲಕ ಹಾಕುವಾಗ ಮೊದಲ ಬಾರಿಗೆ ಅದರ ಸದ್ದು ನನಗೂ ಕೆಟ್ಟದಾಗಿ ಕೇಳಿತು. ಆ ಸದ್ದಿನ ಹಳೆಯ ನೆಮ್ಮದಿಯನ್ನೇ ಶೃತಿ ನನ್ನಿಂದ ಕಿತ್ತುಕೊಂಡಿದ್ದಳು.

ಶರಣಮ್ಮನಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಿ.ಟಿ.ಎಂ. ಕೋಣೆಗೇ ಕರೆದೊಯ್ದರು. ರೇಣವ್ವ ರಜೆ ಹಾಕಿದ್ದಳು, ಫೋನೂ ಮಾಡಲಿಲ್ಲ. ಬಾಣಂತಿಯನ್ನು ಬಂಗಲೆಗೆ ಕರೆತರಲು ನನ್ನಿಂದ ಆಗಲಿಲ್ಲ. ಸಾರನ್ನಾದರೂ ಅಲ್ಲಿಗೆ ಒಯ್ಯಬಹುದಲ್ಲ ಎನಿಸಿತು. ಬೆಳಿಗ್ಗೆ ಎದ್ದು ಮೆಣಸು ಹುರಿದೆ, ಬೆಳ್ಳುಳ್ಳಿ ಅರೆದೆ. ಕ್ಯಾರಿಯರಿನ ಒಂದು ಡಬ್ಬಿಗೆ ಅನ್ನ, ಒಂದಕ್ಕೆ ಸಾರು, ಚಿಕ್ಕದಕ್ಕೆ ತುಪ್ಪ. ಆ ಸಾರು ಕಪ್ಪಗೇ ಇರುತ್ತದೆ. ಪುಸ್ತಕದಲ್ಲಿ ಬರೆದ ಹಾಗೆಯೇ. ಅದು ನೆನಪಾದಾಗ ಒಲೆಯ ಮುಂದೆ ಕೈ ನಿಂತುಹೋಯಿತು. ಆದರೂ ಮುಚ್ಚಳ ಹಾಕಿ ಹೊರಟೆ.

ಮೂರನೇ ಮಹಡಿ ಹತ್ತುವಷ್ಟರಲ್ಲಿ ಉಸಿರು ಸಾಲದಾಯಿತು. ಬಾಗಿಲು ತೆರೆದವನು ಚನ್ನವೀರ. ಕ್ಯಾರಿಯರನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಮಗು ಸಣ್ಣಗೆ ಅಳುತ್ತಿತ್ತು.

‘ಮೆಣಸಿನ ಸಾರಪ್ಪ. ಬಿಸಿ ಇದೆ. ಬೇಡ ಅಂದ್ರೆ ಬೇಡ.’

ಅವನು ತೆಗೆದುಕೊಂಡ. ‘ಬರ್ರಿ’ ಎನ್ನಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಇಳಿಯಲು ಕಾಲು ಒಪ್ಪದೆ ನಾನು ಮೆಟ್ಟಿಲ ಮೇಲೆಯೇ ಕೂತೆ. ಕೆಲಸಕ್ಕೆ ಹೊರಟಿದ್ದ ಪಕ್ಕದ ಕೋಣೆಯ ಹುಡುಗ ‘ಕೂತ್ಕೊಳ್ಳಿ ಆಂಟಿ, ಕೂತ್ಕೊಳ್ಳಿ’ ಎಂದು ಗೋಡೆಗೆ ಒತ್ತಿಕೊಂಡು ಇಳಿದುಹೋದ. ಬಾಗಿಲ ಆಚೆ ಪಿಸುಮಾತು ಕೇಳುತ್ತಿತ್ತು. ಗಂಡಸಿನ ದನಿ, ಆಮೇಲೆ ರೇಣವ್ವನ ದನಿ, ಆಮೇಲೆ ನಲ್ಲಿಯ ಸದ್ದು. ಸಾರನ್ನು ಬಚ್ಚಲಿಗೆ ಸುರಿಯುತ್ತಿದ್ದಾರೆ ಎಂದುಕೊಂಡೆ. ಸುರಿಯಲಿ. ಶೃತಿಯನ್ನು ನಂಬಿದ ನಾನು ಅವರನ್ನು ಯಾವ ಬಾಯಿಂದ ದೂರಲಿ? ಹಾಗೆಂದುಕೊಂಡರೂ ಎದ್ದು ಹೋಗಲಾಗಲಿಲ್ಲ. ಮಗುವಿನ ಅಳು ನಿಂತಿತ್ತು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ರೇಣವ್ವ ಹೊರಗೆ ಬಂದಳು. ಒಂದು ಕೈಯಲ್ಲಿ ತೊಳೆದ ಕ್ಯಾರಿಯರು, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ, ಶರಣಮ್ಮ ಉಣ್ಣುವ ತನಕ ಬೀಳುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ನನ್ನ ಪಕ್ಕದಲ್ಲಿ ಕೂತಳು. ಅನ್ನ ಕಲಸಿದ ಅವಳ ಬೆರಳುಗಳಿಂದ ಮೆಣಸು, ಬೆಳ್ಳುಳ್ಳಿ, ತುಪ್ಪದ ವಾಸನೆ ಬರುತ್ತಿತ್ತು.

ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.