ಒದ್ದೆ ಹತ್ತಿ

"ಫ್ಯಾನ್ ಯಾರು ಆರಿಸಿದ್ದು?"

ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಚೆಕಿಂಗಕ್ಕ ಕೇಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತು ಕಣ್ಣೀರೆಲ್ಲ ಅಲ್ಲೇ ಖರ್ಚಾಗಿತ್ತು. ಮಂಚದ ಮೇಲೆ ತಮ್ಮ ಮಲಗಿದ್ದ. ಕೋಣೆಯಲ್ಲಿ ಉಸಿರು ಕಟ್ಟುವಂಥ ಸೆಕೆ. ಅಷ್ಟಿದ್ದೂ ಫ್ಯಾನು ಮೂರು ರೆಕ್ಕೆ ಚಾಚಿಕೊಂಡು ಸುಮ್ಮನೆ ನಿಂತಿತ್ತು.

ಗೋಡೆಗೊರಗಿ ಕೂತಿದ್ದ ಪಕ್ಕದ ಮನೆಯ ಇಸ್ತ್ರಿಯವಳು ಅಂಗೈಯಿಂದ ಕತ್ತು ಒರೆಸಿಕೊಂಡಳು. "ಇವರ ಮನೆಯವರೇ ಹೇಳಿ ಹೋದ್ರು ಅಕ್ಕ, ಯಾರೂ ಹಾಕ್ಬೇಡಿ ಅಂತ. ಯಾಕೆ ಅಂತ ನಾನು ಕೇಳೋಕೆ ಹೋಗ್ಲಿಲ್ಲ."

"ಹೇಳಿ ಎಲ್ಲಿಗೆ ಹೋದ್ಲು?"

"ದೊಡ್ಡ ರಸ್ತೆಗೆ. ಯಾರೋ ಬರ್ತಾರಂತೆ, ಮನೆ ತೋರಿಸೋಕೆ."

ಗಂಡ ತಣ್ಣಗಾಗಿ ಮಲಗಿದ್ದಾನೆ, ಹೆಂಡತಿ ದೊಡ್ಡ ರಸ್ತೆಯಲ್ಲಿ ಯಾರಿಗೋ ಕಾಯುತ್ತಿದ್ದಾಳೆ. ಚೆಕಿಂಗಕ್ಕ ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಅಂಚಿಗೆ ಅಂಚು ಕೂಡಲಿಲ್ಲ.

ಬಟ್ಟೆ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಅವಳ ಕೆಲಸವೇ ಅದಾಗಿತ್ತು. ಹೊಲಿದು ಬಂದ ಅಂಗಿಯನ್ನು ಒಳಹೊರಗು ಮಾಡಿ, ಎಲ್ಲಿ ನೂಲು ಬಿಟ್ಟಿದೆ, ಎಲ್ಲಿ ತೋಳು ಸೊಟ್ಟಗಿದೆ ಎಂದು ಹಿಡಿಯುವುದು. ಕೆಲಸ ಬಿಟ್ಟ ಮೇಲೂ ಕಣ್ಣು ಕೆಲಸ ಬಿಡಲಿಲ್ಲ. ತರಕಾರಿಯವನು ಅವಳನ್ನು ದೂರದಿಂದ ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದ. ಮದುವೆಯಾಗಿ ಬಂದ ತಮ್ಮನ ಹೆಂಡತಿಯನ್ನೂ ಅವಳು ಹಾಗೇ ಬೆಳಕಿಗೆ ಹಿಡಿದು ನೋಡಿದ್ದಳು. ಒಂದು ತಪ್ಪೂ ಸಿಕ್ಕಿರಲಿಲ್ಲ. ಅನುಮಾನ ಶುರುವಾಗಿದ್ದೇ ಅಲ್ಲಿಂದ.

ಈಗಂತೂ ಎಲ್ಲವೂ ಅಂತೆಕಂತೆ. ಬೆಳಿಗ್ಗೆ ಬೀಗದ ಅಂಗಡಿ ತೆರೆಯಲು ಹೊರಟವನು ಬಾಗಿಲಲ್ಲೇ ಕುಸಿದನಂತೆ. ಡಾಕ್ಟರು ಬಂದು ಹೃದಯ ಅಂದರಂತೆ. ಆದರೆ ಮಂಚದ ಮೇಲೆ ಕಾಣುತ್ತಿದ್ದದ್ದೇ ಬೇರೆ. ದಿಂಬಿಟ್ಟರೆ ಕತ್ತು ಹಿಡಿಯುತ್ತದೆಂದು ಹುಡುಗನಾಗಿದ್ದಾಗಿನಿಂದ ಬರೀ ಹಾಸಿಗೆಗೆ ತಲೆ ಕೊಡುತ್ತಿದ್ದವನ ತಲೆಯಡಿ ಎರಡೆರಡು ದಿಂಬು. ಎರಡು ಕಣ್ಣಿನ ಮೇಲೂ ಒದ್ದೆ ಹತ್ತಿ.

"ಇದೇನಿದು?"

"ಅದನ್ನೂ ಅವರೇ ಇಟ್ಟಿದ್ದು. ಮುಟ್ಬಾರದಂತೆ."

ಮುಟ್ಟಬಾರದಂತೆ! ಹೆತ್ತವಳು ಹೋದ ಮೇಲೆ ಈ ಮುಖಕ್ಕೆ ಸೋಪು ಹಚ್ಚಿ ತೊಳೆದವಳು ತಾನು. ಚೆಕಿಂಗಕ್ಕ ಮೊದಲು ದಿಂಬುಗಳನ್ನು ತೆಗೆದಳು. ಆಮೇಲೆ ಗಾಯವೋ ಬಾವೋ ಏನನ್ನು ಮುಚ್ಚಿಟ್ಟಿದ್ದಾಳೆ ನೋಡೋಣವೆಂದು ಹತ್ತಿಯನ್ನು ಎತ್ತಿದಳು. ಏನೂ ಇರಲಿಲ್ಲ. ರೆಪ್ಪೆಗಳು ಮೆಲ್ಲಗೆ ಅರ್ಧ ಬಿಚ್ಚಿಕೊಂಡವು, ಅಷ್ಟೇ. ತಮ್ಮ ನಿದ್ದೆಗಣ್ಣಲ್ಲಿ ಅಕ್ಕನನ್ನು ನೋಡುತ್ತಿರುವಂತಿತ್ತು. ಏನೋ ಹೇಳಲಿಕ್ಕಿದೆ ಇವನಿಗೆ ಅನ್ನಿಸಿತು. ಮುಚ್ಚಲು ಮನಸ್ಸು ಬರಲಿಲ್ಲ. ಎದ್ದು ಹೋಗಿ ಫ್ಯಾನ್ ಹಾಕಿ, ಜೋರು ಮಾಡಿ, ಅವನ ಪಕ್ಕದಲ್ಲೇ ಕೂತಳು.

ತಮ್ಮನ ಹೆಂಡತಿ ಬರುವಷ್ಟರಲ್ಲಿ ಕೋಣೆ ತಂಪಾಗಿತ್ತು. ಅವಳ ಹಿಂದೆ ಬಿಳಿ ಕೋಟಿನ ಹುಡುಗಿಯೊಬ್ಬಳು ಪೆಟ್ಟಿಗೆ ಹಿಡಿದು ನಿಂತಿದ್ದಳು.

"ಅತ್ತಿಗೆ, ನೀವು ಇಷ್ಟು ಬೇಗ..." ಎಂದವಳ ಮಾತು ಅರ್ಧಕ್ಕೇ ನಿಂತಿತು. ಅವಳು ಮೇಲೆ ನೋಡಿದಳು. ಮಂಚ ನೋಡಿದಳು. ಓಡಿ ಹೋಗಿ ಸ್ವಿಚ್ಚು ಆರಿಸಿದಳು.

"ಯಾರಿವಳು?" ಚೆಕಿಂಗಕ್ಕ ಕೂತಲ್ಲಿಂದ ಏಳಲಿಲ್ಲ.

"ಕಣ್ಣಾಸ್ಪತ್ರೆಯವರು. ಕಣ್ಣು ಕೊಡ್ಬೇಕು ಅಂತ ಇವರ ಆಸೆ ಇತ್ತು."

"ನನ್ನ ಹತ್ರ ಅವನು ಹಾಗೆ ಹೇಳಿಲ್ಲ."

"ನಿಮ್ಮ ಹತ್ರ ಹೇಳಿಲ್ಲ."

"ಅಂದ್ರೆ ನೀನು ಹೇಳಿದ್ದನ್ನ ನಾನು ನಂಬಬೇಕು. ಅವನು ಎದ್ದು ಬಂದು ಇಲ್ಲ ಅನ್ನಲ್ವಲ್ಲ." ಚೆಕಿಂಗಕ್ಕ ಹುಡುಗಿಯ ಕಡೆ ತಿರುಗಿದಳು. "ಏನಮ್ಮ, ಕಿತ್ಕೊಂಡು ಹೋಗಿ ಏನು ಮಾಡ್ತೀರ? ಗುಂಡಿ ಬಿದ್ದ ಮುಖಾನ ನಾವು ಬಂದವರಿಗೆ ತೋರಿಸ್ಬೇಕಾ?"

ಹುಡುಗಿ ಇಂಥ ಮಾತುಗಳನ್ನು ಕೇಳಿ ಪಳಗಿದವಳಿರಬೇಕು. ಪೆಟ್ಟಿಗೆಯನ್ನು ಕೆಳಗಿಟ್ಟು ಮಂಡಿಯೂರಿದಳು. "ಗುಂಡಿ ಬೀಳಲ್ಲ ಅಮ್ಮ. ಕಣ್ಣಿನ ಮುಂದೆ ಗಾಜಿನ ಥರ ಒಂದು ಪದರ ಇರತ್ತೆ, ಅಷ್ಟನ್ನೇ ತೆಗೆಯೋದು. ಆ ಪದರ ಬೆಳ್ಳಗಾಗಿ, ಹೂ ಬಿದ್ದು ಕಣ್ಣು ಹೋದವರಿಗೆ ಅದನ್ನ ಹೊಲೀತಾರೆ. ಪರೀಕ್ಷೆಗೆ ಸ್ವಲ್ಪ ರಕ್ತಾನೂ ತಗೋತೀನಿ. ಮನೇಲಿ ಒಬ್ಬರು ಬೇಡ ಅಂದ್ರೂ ನಾನು ಮುಟ್ಟಲ್ಲ, ಹೊರಟುಹೋಗ್ತೀನಿ."

"ರಕ್ತ ಬೇರೆ."

"ಅತ್ತಿಗೆ, ನೋಡೋದಾದ್ರೂ ನೋಡ್ಲಿ," ಎಂದಳು ತಮ್ಮನ ಹೆಂಡತಿ.

"ನೋಡ್ಲಿ. ನಾನೂ ನೋಡ್ತೀನಿ."

ಹುಡುಗಿ ಕೈಗವಸು ಸಿಕ್ಕಿಸಿಕೊಂಡು ಬಲಗಣ್ಣಿನ ರೆಪ್ಪೆ ಬಿಡಿಸಿ ಪುಟ್ಟ ಟಾರ್ಚು ಹಿಡಿದಳು. ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದಳು.

"ಇದು ಇವರದಲ್ಲ," ಎಂದಳು.

ಇಸ್ತ್ರಿಯವಳು ಕೂತಲ್ಲೇ ಹಿಂದೆ ಸರಿದಳು.

"ಬೇರೆಯವರದು, ಕಸಿ ಮಾಡಿರೋದು. ನೋಡಿ ಅಮ್ಮ, ಕಪ್ಪಿನ ಸುತ್ತ ಒಂದು ಸಣ್ಣ ಬಳೆ ಥರ ಕಾಣ್ತಿದೆಯಲ್ಲ, ಅದೇ ಹೊಲಿಗೆ ಕೂಡಿಕೊಂಡ ಜಾಗ. ಒಳ್ಳೇ ಕೈ ಮಾಡಿದೆ."

ಚೆಕಿಂಗಕ್ಕ ಬಗ್ಗಿದಳು. ಬೆಳಕಿನಲ್ಲಿ, ಬೂದಿಬಣ್ಣದ ನೂಲೆಳೆಯಷ್ಟು ತೆಳ್ಳಗೆ, ಗುಂಡಗೆ, ಎಲ್ಲೂ ಸೊಟ್ಟಗಾಗದ ಗೆರೆ. ಬೀಗದ ಕೈಯನ್ನು ಅರದಿಂದ ಉಜ್ಜುವಾಗ ಕಬ್ಬಿಣದ ಚೂರು ಹಾರಿ ಈ ಕಣ್ಣಲ್ಲಿ ಹೂ ಬಿದ್ದದ್ದು ಅವಳಿಗೆ ಗೊತ್ತಿತ್ತು. ಆಮೇಲೆ ವಾಸಿಯಾದದ್ದೂ ಗೊತ್ತಿತ್ತು. "ಹೂ ಕಿತ್ತು ಹಾಕಿದ್ರು ಅಕ್ಕ" ಎಂದು ತಮ್ಮ ನಕ್ಕಿದ್ದ. ಅಲ್ಲಿಂದಾಚೆ ಎಷ್ಟು ಸಲ ಎದುರು ಕೂತು ಉಂಡಿದ್ದಾನೆ, ಎಷ್ಟು ಸಲ ಕಣ್ಣಲ್ಲಿ ಕಣ್ಣಿಟ್ಟು ಜಗಳ ಆಡಿದ್ದಾನೆ.

"ಯಾರದು?" ಎಂದು ಕೇಳಿದಳು.

"ಹೇಳಲ್ಲ ಆಸ್ಪತ್ರೆಯವರು, ಯಾರಿಗೂ," ಎಂದಳು ತಮ್ಮನ ಹೆಂಡತಿ. "ಅದಕ್ಕೇ ಇವರು ನಿಮಗೆ ತಿಳಿಸೋದು ಬೇಡ ಅಂದಿದ್ರು. ಅಕ್ಕನಿಗೆ ಗೊತ್ತಾದ್ರೆ ಯಾರ ಕಣ್ಣು, ಯಾವ ಮನೆಯದು, ಏನೇನು ನೋಡಿ ಬಂದಿದೆ ಅಂತ ವಿಚಾರಣೆ ಶುರು ಮಾಡ್ತಾಳೆ, ಕೊನೆಗೆ ವಾಪಸ್ ಕೊಟ್ಟು ಬಾ ಅಂತಾಳೆ ಅಂತ." ಅವಳ ಬಾಯಿ ನಗಲು ಹೋಗಿ ವಕ್ರವಾಯಿತು. "ಒಬ್ಬರದು ಇಟ್ಕೊಂಡಿದೀನಿ, ಹೋಗೋವಾಗ ನಂದೊಂದು ಕೊಟ್ಟು ಹೋಗ್ಬೇಕು ಅಂತಿದ್ರು. ಎಡಗಣ್ಣು."

ಹುಡುಗಿ ಆಗಲೇ ಎಡಗಣ್ಣಿಗೆ ಬೆಳಕು ಬಿಟ್ಟಿದ್ದಳು. ಈ ಸಲ ಅವಳ ಹುಬ್ಬು ಗಂಟಾಯಿತು. "ಮೇಲ್ಗಡೆ ಒಣಗಿದೆ. ಒದ್ದೆ ಹತ್ತಿ ಇಟ್ಟು, ತಲೆ ಎತ್ತರ ಮಾಡಿ, ಫ್ಯಾನ್ ಆರಿಸಿ ಅಂತ ಫೋನಲ್ಲೇ ಹೇಳಿದ್ನಲ್ಲ."

ತಮ್ಮನ ಹೆಂಡತಿ ನೆಲ ನೋಡುತ್ತಿದ್ದಳು. ಅವಳು ಅತ್ತಿಗೆಯ ಕಡೆ ಬೆರಳು ತೋರಿಸಿದ್ದರೆ ಚೆಕಿಂಗಕ್ಕನಿಗೆ ಒಂದು ಜಗಳವಾದರೂ ದಕ್ಕುತ್ತಿತ್ತು.

"ಅವಳು ಸರಿಯಾಗೇ ಮಾಡಿದ್ಲು," ಎಂದಳು ಚೆಕಿಂಗಕ್ಕ. "ತೆಗೆದಿದ್ದು ನಾನು."

ಹುಡುಗಿ ಬೈಯಲಿಲ್ಲ. ಬಾಟಲಿಯಿಂದ ನೀರಿನಂಥದ್ದನ್ನು ಹನಿ ಹನಿಯಾಗಿ ಕಣ್ಣಿಗೆ ಬಿಡತೊಡಗಿದಳು.

"ಕೆಟ್ಟುಹೋಯ್ತಾ?"

"ಇಲ್ಲಿ ಹೇಳೋಕಾಗಲ್ಲ. ಅಲ್ಲಿ ದೊಡ್ಡ ಮಷಿನ್ ಕೆಳಗಿಟ್ಟು ನೋಡ್ಬೇಕು. ಎಷ್ಟು ಬೇಗ ತಲುಪತ್ತೋ ಅಷ್ಟು ಒಳ್ಳೇದು. ನೀವು ಒಪ್ಪಿದ್ರೆ."

"ಯಾರಾದ್ರೂ ಕಾಯ್ತಿದಾರಾ?"

"ಯಾವಾಗ್ಲೂ ಕಾಯ್ತಿರ್ತಾರೆ ಅಮ್ಮ."

ಚೆಕಿಂಗಕ್ಕ ಎದ್ದು ಮಂಚದ ತಲೆಬದಿಗೆ ಹೋಗಿ ನಿಂತಳು. "ತೆಗಿ. ನಾನು ಆಚೆ ಹೋಗಲ್ಲ. ಒಂದು ಗೀರು ಬಿದ್ರೂ ನಿನ್ನ ಬಿಡಲ್ಲ."

ಹುಡುಗಿಯ ಕೈ ಸಣ್ಣ ಕತ್ತರಿಯೊಂದಿಗೆ ಎಡಗಣ್ಣಿನ ಗುಂಡು ಅಂಚಿನ ಸುತ್ತ ನಿಧಾನವಾಗಿ ಹೋಗಿಬಂತು. ಚೆಕಿಂಗಕ್ಕ ರೆಪ್ಪೆ ಮಿಟುಕಿಸದೆ ನೋಡಿದಳು. ಸೀಸೆಗೆ ಇಳಿದದ್ದು ಅಂಗಿಯ ಗುಂಡಿಗಿಂತ ದೊಡ್ಡದೇನಲ್ಲ. ಆಚೆ ಇರುವುದನ್ನೆಲ್ಲ ಕಾಣಿಸುತ್ತ ಅದು ತಾನು ಮಾತ್ರ ಕಾಣುತ್ತಿರಲಿಲ್ಲ. ಎಲ್ಲ ಮುಗಿದು ರೆಪ್ಪೆ ಕೂಡಿದ ಮೇಲೆ ಅವಳು ಮುಖವನ್ನು ಬೆಳಕಿಗೆ ತಿರುಗಿಸಿ, ಬೆರಳಾಡಿಸಿ, ಹುಡುಕಿದಳು. ಏನೂ ಸಿಗಲಿಲ್ಲ.

ಹುಡುಗಿ ಆಸ್ಪತ್ರೆಯ ವ್ಯಾನು ಹತ್ತುವ ಹೊತ್ತಿಗೆ ಗಲ್ಲಿ ತುಂಬಿಹೋಗಿತ್ತು. ಸುದ್ದಿ ಕೇಳಿ ಬಂದವರು ಎಲ್ಲೆಂದರಲ್ಲಿ ಸ್ಕೂಟರು ನಿಲ್ಲಿಸಿದ್ದರು. ಆಚೆ ತುದಿಯಿಂದ ನೀರಿನ ಟ್ಯಾಂಕರು ಮೂತಿ ತೂರಿಸುತ್ತಿತ್ತು. ವ್ಯಾನಿನವನು ಹಾರನ್ನು ಹೊಡೆದು ಹೊಡೆದು ಸುಮ್ಮನಾದ. ಆಗ ಚೆಕಿಂಗಕ್ಕ ಬರಿಗಾಲಲ್ಲೇ ಬೀದಿಗಿಳಿದಳು.

"ಯಾರ್ರೀ ಇದು ಗಾಡಿ? ಅಳೋಕೆ ಬಂದಿದೀರೋ ದಾರಿ ಕಟ್ಟೋಕೆ ಬಂದಿದೀರೋ?" ಸ್ಕೂಟರುಗಳನ್ನು ಒಂದೊಂದಾಗಿ ಹಿಡಿದು ಎಳೆದಳು. ಟ್ಯಾಂಕರಿನ ಎದುರು ಹೋಗಿ, ಬಿಸಿಲಿಗೆ ಕಾದ ಅದರ ಮೂತಿಯ ಮೇಲೆ ಕೈಯೂರಿ ನಿಂತಳು.

"ಏನಮ್ಮ, ಆ ವ್ಯಾನಲ್ಲಿ ಅಂಥಾದ್ದೇನಿದೆ?" ಡ್ರೈವರು ತಲೆ ಹೊರಗೆ ಹಾಕಿದ.

"ನಿನಗ್ಯಾಕೆ? ಹಿಂದೆ ತಗೋ."

ಅವನು ಗೊಣಗುತ್ತ ಹಿಂದೆ ತೆಗೆದು, ಪಕ್ಕಕ್ಕೆ ಒತ್ತಿ ನಿಲ್ಲಿಸಿದ. ಅವಳೂ ಕೈ ಬಿಡದೆ ಜೊತೆಗೇ ನಡೆದಳು. ವ್ಯಾನು ಅವಳನ್ನು ಸವರಿಕೊಂಡು ಹೊರಟಾಗ ಕಿಟಕಿಯೊಳಗೆ ಇಣುಕಿದಳು. ಪೆಟ್ಟಿಗೆ ಸೀಟಿನ ಮೇಲೆ ಉರುಳಾಡುತ್ತಿರಲಿಲ್ಲ, ಹುಡುಗಿಯ ತೊಡೆಯ ಮೇಲಿತ್ತು. ಎರಡೂ ಕೈಯಲ್ಲಿ ಹಿಡಿದಿದ್ದಳು.

ದೊಡ್ಡ ರಸ್ತೆಯಲ್ಲಿ ವ್ಯಾನು ಎಡಕ್ಕೆ ತಿರುಗಿ ಮರೆಯಾಯಿತು.

"ಇನ್ನು ಹೋಗ್ಲಾ ಅಮ್ಮ?" ಎಂದ ಡ್ರೈವರು.

ಅವಳ ಅಂಗೈಯಡಿ ಇಂಜಿನ್ನು ಗುರುಗುಡುತ್ತಿತ್ತು. ಅವಳು ಕೈ ತೆಗೆಯಲಿಲ್ಲ.