ಬಾಬಿನ್ನಿನ ಕೆಂಪು ದೀಪ

‘ರಿಪೇರಿಯಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು. ಡಿಗ್ರಿ ಮುಗಿಸಿದವಳಿಗೆ ಇದೆಂಥ ಬುದ್ಧಿ?’ ಎಂದು ಡೈರಿಯಲ್ಲಿ ಬರೆದು, ಅವಳು ಆ ಸಾಲನ್ನು ಅಂಗೈಯಿಂದ ಮುಚ್ಚಿಕೊಂಡಳು. ಕದ್ದು ಓದಲು ಕೋಣೆಯಲ್ಲಿ ಒಂದು ಇರುವೆಯೂ ಇರಲಿಲ್ಲ.

ಸಂಗತಿ ಇಷ್ಟೇ. ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಮಷಿನ್ನಿನ ಅಡಿಯಲ್ಲಿ ಕೂರುವ ಪುಟ್ಟ ಉರುಳೆ, ಬಾಬಿನ್ನಿನ ದಾರ ಯಾವಾಗ ಮುಗಿಯುತ್ತದೆಂದು ಮೇಲಿನಿಂದ ಕಾಣುವುದಿಲ್ಲ. ಮಾರುದ್ದ ಹೊಲಿದು ನೋಡಿದರೆ ಬರೀ ಸೂಜಿಯ ತೂತು. ಆಗ ಚಿಕ್ಕಮ್ಮ ಬಾಬಿನ್ನಿನ ಏಳು ತಲೆಮಾರನ್ನೂ ಜಾಲಾಡುತ್ತಿದ್ದಳು. ಕೇಳಿ ಕೇಳಿ ಸಾಕಾಗಿ ಇವಳೊಂದು ಉಪಾಯ ಹೂಡಿದಳು. ಬೆಂಕಿಪೊಟ್ಟಣದಷ್ಟಗಲದ ಮೈಕ್ರೊಕಂಟ್ರೋಲರ್ ಬೋರ್ಡು, ಮಷಿನ್ನಿನ ಚಕ್ರಕ್ಕೆ ಅಂಟಿಸಿದ ಪುಟ್ಟ ಅಯಸ್ಕಾಂತ, ಅದು ಎದುರಿಗೆ ಹಾದಾಗಲೆಲ್ಲ ಒಂದು ಹೊಲಿಗೆ ಎಂದು ಎಣಿಸುವ ಸೆನ್ಸರ್. ಇಷ್ಟು ಹೊಲಿಗೆಯಾದರೆ ದಾರ ಮುಗಿಯುತ್ತ ಬಂತೆಂದು ಕೆಂಪು ದೀಪ ಹೊತ್ತಬೇಕು. ಬಾಬಿನ್ ಬದಲಿಸಲು ತಗಡಿನ ಮುಚ್ಚಳ ಸರಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ.

ರಿಪೇರಿಯವನ ಹತ್ತಿರ ಮಷಿನ್ ಸರ್ವಿಸ್ ಆಗಿ ಬಂದ ದಿನ, ಚಿಕ್ಕಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಎಲ್ಲವನ್ನೂ ಕೂರಿಸಿದಳು. ಸರಿಹೋದರೆ ಹೇಳುವುದು, ಕೈಕೊಟ್ಟರೆ ಸದ್ದಿಲ್ಲದೆ ಬಿಚ್ಚುವುದು. ಸರಿಯೇ ಹೋಯಿತು. ಆದರೆ ಇವಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, ಬೀದಿಯಲ್ಲಿ ಹೋಗುತ್ತಿದ್ದ ರಿಪೇರಿಯವನನ್ನು ಕಿಟಕಿಯಿಂದ ಕೂಗಿದ್ದಳು.

“ಎಂಥ ದೀಪ ಇಟ್ಟಿದ್ದೀಯಣ್ಣಾ! ನನ್ನ ಜೀವ ಉಳೀತು!”

ಅವನು ಯಾವ ದೀಪ ಎಂದೂ ಕೇಳಲಿಲ್ಲ. “ಎಲ್ಲಾ ಕೈಗುಣ ಅಕ್ಕಾ” ಎಂದು ಮೀಸೆ ಸವರಿಕೊಂಡು ಹೋದ.

ಡೈರಿ ಬರೆದ ಮರುದಿನ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಗುಡುಗು. ಗಿರಾಕಿಯ ಪರದೆಯನ್ನು ಉದ್ದಕ್ಕೂ ಹೊಲಿದರೆ ಬರೀ ತೂತು. ದೀಪ ಹೊತ್ತಿಯೇ ಇಲ್ಲ. ಹೇಳಿಕಳಿಸಿದ್ದಕ್ಕೆ ರಿಪೇರಿಯವನು ಬಂದ.

“ನಿನ್ನ ದೀಪಕ್ಕೆ ನಿದ್ದೆ ಬಂತೇನಣ್ಣಾ?”

ಅವನು ಮಷಿನ್ನಿನ ಕೆಳಗೆ ತಲೆ ತೂರಿಸಿದ. ಬೋರ್ಡನ್ನು ಅವನು ಕಂಡದ್ದೇ ಆಗ.

“ಅಯ್ಯೋ ದೇವರೇ!”

“ಏನಾಯ್ತು?”

“ಏನಿಲ್ಲ... ಹಳೇ ಮಾಡೆಲ್ಲು ಅಕ್ಕಾ. ಹಿಂಗೇ ಇದು. ಕಿತ್ತುಹಾಕಿಬಿಡ್ತೀನಿ.” ಕಟಿಂಗ್ ಪ್ಲೇಯರ್ ಚೀಲದಿಂದ ಹೊರಬಂತು.

“ಕೀಳು ಅತ್ಲಾಗೆ! ನನ್ನ ಮರ್ಯಾದೆನೂ ತೆಗೀತು. ನಿನ್ನೆಯಿಂದ ಬಂದವರಿಗೆಲ್ಲಾ, ‘ನೋಡ್ರಮ್ಮಾ, ಇಷ್ಟು ದಾರ ಇದೆ, ಮುಗಿಯುತ್ಲೂ ದೀಪ ಬರುತ್ತೆ’ ಅಂತ ಹಿಂಗೆ ತೆಗೆದು ತೆಗೆದು ತೋರಿಸಿದ್ದೇ ಬಂತು!” ಎನ್ನುತ್ತ ಚಿಕ್ಕಮ್ಮ ತಗಡಿನ ಮುಚ್ಚಳವನ್ನು ಸರಕ್ಕನೆ ಸರಿಸಿದಳು, ಮುಚ್ಚಿದಳು, ಮತ್ತೆ ಸರಿಸಿದಳು.

ಬಾಗಿಲ ಮರೆಯಲ್ಲಿ ನಿಂತಿದ್ದವಳಿಗೆ ಆಗ ಹೊಳೆಯಿತು. ಒಂದೊಂದು ಸಲ ತೋರಿಸಿದಾಗಲೂ ಎಣಿಕೆ ಸೊನ್ನೆಗೆ ಬಂದಿದೆ! ಪಾಪ, ಬೋರ್ಡು ಪ್ರತಿ ಸಲವೂ ಹೊಸ ಬಾಬಿನ್ ಬಂತೆಂದೇ ನಂಬಿದೆ. ಚಿಕ್ಕಮ್ಮ ಹೊಗಳಿ ಹೊಗಳಿಯೇ ಅದನ್ನು ಕೆಡಿಸಿದ್ದಳು. ಎಣಿಕೆ ಸೊನ್ನೆ ಮಾಡಲು ಮುಚ್ಚಳದ ಬದಲು ಒಂದು ಒತ್ತುಗುಂಡಿ ಇಟ್ಟಿದ್ದರೆ ಸಾಕಿತ್ತು. ಅರ್ಧ ಗಂಟೆಯ ಕೆಲಸ.

ಪ್ಲೇಯರ್ ಬಾಯಿ ತೆರೆದು ಕೆಂಪು ತಂತಿಯನ್ನು ಕಚ್ಚಿಕೊಂಡಿತು.

“ನಿಲ್ಸಿ!”

ಇಬ್ಬರೂ ತಿರುಗಿದರು. ಆ ದನಿ ಎಲ್ಲಿಂದ ಬಂತೆಂದು ಅವಳಿಗೂ ಬೆರಗು.

“ಏನೇ ಗುಮ್ಮನಗುಸುಕಿ, ನಿನಗೂ ಗಂಟಲಿದೆಯಾ?” ಚಿಕ್ಕಮ್ಮ ಕಣ್ಣರಳಿಸಿದಳು. “ಏನು ಹೇಳು.”

ಏನಿಲ್ಲ ಎಂದು ಒಳಗೆ ಓಡಿಹೋಗಲು ಈಗಲೂ ಸಮಯವಿತ್ತು. ಡೈರಿಯಲ್ಲಿ ಹಾಳೆಗಳೂ ಬೇಕಾದಷ್ಟಿದ್ದವು. ಆದರೆ ಹೊಗಳಿಕೆಯ ಹೊತ್ತಿನಲ್ಲಿ ಹೊರಡದ ಮಾತು, ಬೈಗುಳದ ಸರದಿ ಬಂದಾಗ ತಾನಾಗಿ ನಾಲಿಗೆಯ ತುದಿಗೆ ಬಂದು ಕೂತಿತ್ತು.

“ಅದನ್ನ ಮಾಡಿದ್ದು ನಾನು, ಚಿಕ್ಕಮ್ಮಾ.”